ದಾಳ ಬಿದ್ದ ಮೇಲೆ ತೀರ್ಪು ಯಾರದು?

ಒಂದು ಮೇಜು, ಸುತ್ತ ಐದು ಕುರ್ಚಿ. ಮೇಜಿನ ಮೇಲೆ ಪೆನ್ಸಿಲು, ರಬ್ಬರು, ಬರೆದು ಅಳಿಸಿ ಮಾಸಿದ ನಾಲ್ಕು ಹಾಳೆ, ಬಗೆಬಗೆಯ ಆಕಾರದ ಒಂದು ಹಿಡಿ ದಾಳ. ‘ನಾನು ಬಾಗಿಲಿಗೆ ಕಿವಿಗೊಟ್ಟು ಆಲಿಸುತ್ತೇನೆ’ ಎನ್ನುತ್ತಾಳೆ ಒಬ್ಬಾಕೆ. ಅಲ್ಲಿ ಬಾಗಿಲೇನೂ ಇಲ್ಲ. ಆದರೂ ಎದುರು ಕುಳಿತವನು ದಾಳವೊಂದನ್ನು ಉರುಳಿಸಿ ನೋಡಿ, ‘ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಮನುಷ್ಯರ ಗೊರಕೆಯಂತಿಲ್ಲ’ ಎಂದು ಉತ್ತರಿಸುತ್ತಾನೆ. ಉಳಿದ ಮೂವರ ಮುಖ ಗಂಭೀರವಾಗುತ್ತದೆ. ಬಾಗಿಲು ತೆರೆಯುವುದೋ, ಬಂದ ದಾರಿ ಹಿಡಿಯುವುದೋ? ಅರ್ಧ ಗಂಟೆ ಚರ್ಚೆ ನಡೆಯುತ್ತದೆ.

ಇದು ಇಂಗ್ಲಿಷಿನಲ್ಲಿ ‘ರೋಲ್‌ಪ್ಲೇಯಿಂಗ್ ಗೇಮ್’ ಎಂದು ಕರೆಸಿಕೊಳ್ಳುವ ಆಟ. ಪಾತ್ರಧಾರಿ ಆಟ ಎನ್ನೋಣ. ನಾಲ್ವರು ತಲಾ ಒಂದು ಪಾತ್ರ ವಹಿಸುತ್ತಾರೆ. ಯೋಧ, ಮಾಂತ್ರಿಕ, ಕಳ್ಳ, ಹೀಗೆ. ಐದನೆಯವನು ನಿರ್ವಾಹಕ. ಪಾತ್ರಗಳು ನಡೆದಾಡುವ ಲೋಕ, ಅಲ್ಲಿನ ಜನ, ಹೊಂಚು ಹಾಕಿ ಕುಳಿತ ರಕ್ಕಸರು ಎಲ್ಲವೂ ಅವನ ಸುಪರ್ದಿಗೆ ಸೇರಿದ್ದು. ತಾಳಮದ್ದಳೆ ಕೇಳಿದವರಿಗೆ ಇದರ ಅರ್ಧಭಾಗ ಪರಿಚಿತವೇ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತು. ಆ ಮಾತು ಆ ಗಳಿಗೆಯಲ್ಲೇ ಹುಟ್ಟಬೇಕು. ವ್ಯತ್ಯಾಸವೆಂದರೆ, ತಾಳಮದ್ದಳೆಯ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ಇಲ್ಲಿ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ನಿರ್ವಾಹಕನಿಗೂ ಮೊದಲೇ ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು ನಿಯಮ ಮತ್ತು ದಾಳ.

ಈ ಆಟದಲ್ಲಿ ಗೆಲ್ಲುವವರಿಲ್ಲ. ನಾಲ್ವರೂ ಒಂದೇ ಕಡೆ. ನಿರ್ವಾಹಕ ಅವರ ಎದುರಾಳಿಯಲ್ಲ. ಹಾಗಿದ್ದೂ ಅರ್ಧ ಶತಮಾನದಿಂದ ಇದರ ನಿಯಮ ಬರೆಯುವವರು ತಲೆ ಕೆಡಿಸಿಕೊಂಡಿರುವುದು ಒಂದೇ ಪ್ರಶ್ನೆಗೆ: ತೂಕ ಸರಿಯಾಗಿದೆಯೇ? ಗೆಲುವೇ ಇಲ್ಲದ ಕಡೆ ಅನ್ಯಾಯ ಎಲ್ಲಿಂದ ಬಂತು ಎಂದು ಕೇಳಬಹುದು. ಆದರೆ ಆಟ ಒಂದು ಸಂಜೆಗೆ ಮುಗಿಯುವುದಲ್ಲ. ವಾರಕ್ಕೊಮ್ಮೆ ಸೇರಿ ವರ್ಷಗಟ್ಟಲೆ ಆಡುತ್ತಾರೆ. ಮೂರು ವರ್ಷ ಸಾಕಿ ಬೆಳೆಸಿದ ಪಾತ್ರ ಒಂದು ಎಸೆತದಲ್ಲಿ ಸತ್ತರೆ ಆಟಗಾರನಿಗೆ ನಿಜವಾಗಿಯೂ ನೋವಾಗುತ್ತದೆ. ಸಾಯುವ ಭಯವೇ ಇಲ್ಲವೆಂದು ಗೊತ್ತಾದರೆ ಆಟ ಸಪ್ಪೆಯಾಗುತ್ತದೆ. ಇನ್ನೊಂದು ಸಂಕಟ ಇದಕ್ಕಿಂತ ಸಾಮಾನ್ಯ: ಎಲ್ಲ ಕೆಲಸವನ್ನೂ ಮಾಂತ್ರಿಕನೇ ಮಾಡಿ ಮುಗಿಸುತ್ತಿದ್ದರೆ, ಯೋಧನ ಪಾತ್ರ ವಹಿಸಿದವನು ಮೂರು ಗಂಟೆ ಕಾಲ ಕುರುಕಲು ತಿಂಡಿ ತಿನ್ನುತ್ತಾ ಕೂರಬೇಕಾಗುತ್ತದೆ.

ಪ್ರಷ್ಯದ ಮೇಜು

ಈ ಪ್ರಶ್ನೆಯ ಬೇರು ಆಟಕ್ಕಿಂತ ಹಳೆಯದು. ಅದನ್ನು ಹುಡುಕಲು 19ನೇ ಶತಮಾನದ ಪ್ರಷ್ಯದ ಸೇನೆಯತ್ತ ಹೋಗಬೇಕು. 1812ರಲ್ಲಿ ಜಾರ್ಜ್ ಲಿಯೋಪೋಲ್ಡ್ ಫಾನ್ ರೈಸ್ವಿಟ್ಸ್ ಎಂಬಾತ ಯುದ್ಧದ ಅಣಕು ಆಟವೊಂದನ್ನು ತಯಾರಿಸಿ ದೊರೆ ಮೂರನೇ ಫ್ರೆಡ್ರಿಕ್ ವಿಲ್‌ಹೆಲ್ಮನಿಗೆ ಒಪ್ಪಿಸಿದ. ಸೇನಾಧಿಕಾರಿಯಾಗಿದ್ದ ಅವನ ಮಗ ಅದನ್ನು ತಿದ್ದಿ 1824ರಲ್ಲಿ ಪ್ರಕಟಿಸಿದ. ಅದೇ ‘ಕ್ರೀಗ್‌ಸ್ಪೀಲ್’, ಯುದ್ಧದಾಟ. ದೊಡ್ಡ ನಕ್ಷೆಯ ಮೇಲೆ ಎರಡು ಬಣ್ಣದ ತುಂಡುಗಳು. ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ತೀರ್ಪುಗಾರನ ಕೈಗೆ ಕೊಡಬೇಕು. ಯಾರಿಗೆ ಯಾರು ಕಾಣುತ್ತಾರೆ ಎಂಬುದನ್ನು ಹೇಳುವವನು ಅವನು. ಗುಂಡಿನ ದಾಳಿಯಲ್ಲಿ ಎಷ್ಟು ಜನ ಬಿದ್ದರು ಎಂಬುದಕ್ಕೆ ಮಾತ್ರ ದಾಳ ಹಾಕಿ ಕೋಷ್ಟಕ ನೋಡಬೇಕು. ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಈ ಆಟ ನೋಡಿ, ಇದು ಆಟವಲ್ಲ, ಯುದ್ಧದ ನಿಜವಾದ ತರಬೇತಿ ಎಂದು ಮೆಚ್ಚಿ ಸೇನೆಗೆಲ್ಲ ಶಿಫಾರಸು ಮಾಡಿದನೆಂದು ದಾಖಲೆಯಿದೆ.

ಮೆಚ್ಚುಗೆಯ ಬೆನ್ನಿಗೇ ತೊಡಕೂ ಬಂತು. ಕೋಷ್ಟಕಗಳು ಹೆಚ್ಚಾದವು, ಲೆಕ್ಕ ಹೆಚ್ಚಾಯಿತು, ಆಟ ತೆವಳತೊಡಗಿತು. ಅನುಭವಿ ಅಧಿಕಾರಿಗೆ ಕಣ್ಣಳತೆಯಲ್ಲಿ ತಿಳಿಯುವುದನ್ನು ಪುಸ್ತಕ ನೋಡಿ ಹೇಳಬೇಕಾದ ಸ್ಥಿತಿ. 1876ರಲ್ಲಿ ಫೆರ್ಡಿ ದು ವೆರ್ನ್‌ವಾ ಎಂಬ ಪ್ರಷ್ಯದ ಸೇನಾನಿ, ಕೋಷ್ಟಕ ಬದಿಗಿಟ್ಟು ತೀರ್ಪುಗಾರನ ಅನುಭವಕ್ಕೇ ಎಲ್ಲವನ್ನೂ ಬಿಡುವ ‘ಮುಕ್ತ’ ಆಟದ ಪರ ಪುಸ್ತಕ ಬರೆದ. ಅಂದಿನಿಂದ ಯುದ್ಧದಾಟದಲ್ಲಿ ಎರಡು ಪಂಥ: ನಿಯಮವೇ ನ್ಯಾಯ ಎನ್ನುವವರು ಒಂದು ಕಡೆ, ಬಲ್ಲವನ ಮಾತೇ ನ್ಯಾಯ ಎನ್ನುವವರು ಇನ್ನೊಂದು ಕಡೆ. ಇಂದು ಮಾಂತ್ರಿಕ, ಡ್ರ್ಯಾಗನ್‌ಗಳ ಆಟದ ಮೇಜಿನ ಸುತ್ತ ನಡೆಯುವ ಜಗಳ ಬಹುಮಟ್ಟಿಗೆ ಇದೇ ಜಗಳ.

ರಕ್ತಪಿಶಾಚಿಗೆ ಮದ್ದು

ಪ್ರಷ್ಯದಿಂದ ಅಮೆರಿಕಕ್ಕೆ ಈ ಎಳೆ ಹೋದ ಬಗೆ ಸ್ವಾರಸ್ಯಕರ. 1880ರಲ್ಲಿ ಚಾರ್ಲ್ಸ್ ಟಾಟನ್ ಎಂಬ ಅಮೆರಿಕನ್ ಸೇನಾಧಿಕಾರಿ ‘ಸ್ಟ್ರಾಟೆಗಾಸ್’ ಎಂಬ ಯುದ್ಧದಾಟದ ಪುಸ್ತಕ ಪ್ರಕಟಿಸಿದ. ಸುಮಾರು ತೊಂಬತ್ತು ವರ್ಷದ ನಂತರ ಮಿನೆಸೋಟ ರಾಜ್ಯದ ಡೇವಿಡ್ ವೆಸ್ಲಿ ಎಂಬ ತರುಣನಿಗೆ ಅದು ಸಿಕ್ಕಿತು. ಆಟಗಾರ ಏನನ್ನು ಬೇಕಾದರೂ ಮಾಡಲು ಯತ್ನಿಸಬಹುದು, ಫಲವೇನೆಂದು ತೀರ್ಪುಗಾರ ಹೇಳುತ್ತಾನೆ ಎಂಬ ಅದರ ತತ್ವ ವೆಸ್ಲಿಗೆ ಹಿಡಿಸಿತು. 1969ರಲ್ಲಿ ಅವರು ಗೆಳೆಯರಿಗಾಗಿ ‘ಬ್ರೌನ್‌ಸ್ಟೈನ್’ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣದ ಆಟವೊಂದನ್ನು ಏರ್ಪಡಿಸಿದರು. ನೆಪೋಲಿಯನ್ ಕಾಲದ ಕದನ ಆರಂಭವಾಗುವ ಮುನ್ನ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಒಬ್ಬ ಪುರಪ್ರಮುಖ, ಇನ್ನೊಬ್ಬ ವಿಶ್ವವಿದ್ಯಾಲಯದ ಕುಲಪತಿ. ಆಟಗಾರರು ಕದನವನ್ನೇ ಮರೆತು ಪಿತೂರಿ, ಗುಟ್ಟು, ಮಾತುಕತೆಯಲ್ಲಿ ಮುಳುಗಿಬಿಟ್ಟರು. ಆಟ ಕೆಟ್ಟಿತೆಂದು ವೆಸ್ಲಿ ಪೇಚಾಡಿದರೆ, ಆಡಿದವರು ಮತ್ತೊಮ್ಮೆ ಯಾವಾಗ ಎಂದು ಕೇಳುತ್ತಿದ್ದರು.

ಹಾಗೆ ಕೇಳಿದವರಲ್ಲಿ ಡೇವ್ ಆರ್ನೆಸನ್ ಒಬ್ಬರು. 1970ರ ದಶಕದ ಮೊದಲಲ್ಲಿ ಅವರು ‘ಬ್ಲ್ಯಾಕ್‌ಮೂರ್’ ಎಂಬ ಊರನ್ನೂ ಅಲ್ಲಿನ ಕೋಟೆಯ ಕೆಳಗೆ ಹಲವು ಅಂತಸ್ತಿನ ನೆಲಮಾಳಿಗೆಯನ್ನೂ ಕಲ್ಪಿಸಿ ಗೆಳೆಯರನ್ನು ಅದರೊಳಗೆ ಇಳಿಸಿದರು. ಆಗಲೇ ತೂಕದ ಮೊದಲ ಸಮಸ್ಯೆ ಎದುರಾಯಿತು. ಆರ್ನೆಸನ್ ಬಳಸುತ್ತಿದ್ದುದು ಸೈನ್ಯಗಳ ಕಾಳಗಕ್ಕೆ ಬರೆದ ನಿಯಮ. ಅದರಲ್ಲಿ ಏಟು ಬಿದ್ದರೆ ತುಂಡು ಸತ್ತಂತೆ. ಸಾವಿರ ಸಿಪಾಯಿಗಳಲ್ಲಿ ಒಬ್ಬ ಸತ್ತರೆ ಯಾರೂ ಅಳುವುದಿಲ್ಲ. ತಾನೇ ಹೆಸರಿಟ್ಟು ಬೆಳೆಸಿದ ಪಾತ್ರ ಸತ್ತರೆ? ಆರ್ನೆಸನ್ ಅವರೇ ಮುಂದೆ ಹೇಳಿಕೊಂಡಂತೆ, ಅವರು ತಾವು ರಚಿಸಿದ್ದ ನೌಕಾಯುದ್ಧದ ಆಟದಿಂದ ಒಂದು ಉಪಾಯ ಎರವಲು ತಂದರು. ಉಕ್ಕಿನ ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ, ಪೆಟ್ಟು ತಿನ್ನುತ್ತಾ ಹೋಗುತ್ತದೆ. ಮನುಷ್ಯನಿಗೂ ಹಾಗೆಯೇ ಇಷ್ಟು ‘ಜೀವಾಂಕ’ ಎಂದು ಬರೆದಿಟ್ಟು, ಏಟು ಬಿದ್ದಂತೆ ಕಳೆಯುತ್ತಾ ಬಂದರಾಯಿತು. ಇಂದು ಲೆಕ್ಕವಿಲ್ಲದಷ್ಟು ಆಟಗಳಲ್ಲಿ, ಕಂಪ್ಯೂಟರ್ ಆಟಗಳಲ್ಲಿ ಕೂಡ, ಕಾಣುವ ಈ ಪದ್ಧತಿ ಗೆಳೆಯರ ಸಂಕಟಕ್ಕೆ ಕಂಡುಕೊಂಡ ಪರಿಹಾರ.

ಬ್ಲ್ಯಾಕ್‌ಮೂರ್ ಆಡಿದವರು ಹೇಳಿಕೊಂಡು ಬಂದಿರುವ ಇನ್ನೊಂದು ಕಥೆಯಿದೆ. ಅಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಯಿತು. ಹೆಸರು ಸರ್ ಫಾಂಗ್. ಬರಬರುತ್ತಾ ಅದರ ಬಲ ಎಷ್ಟು ಬೆಳೆಯಿತೆಂದರೆ ಉಳಿದವರಿಗೆ ಆಡುವುದೇ ಕಷ್ಟವಾಯಿತು. ನಿಯಮ ತಿದ್ದಿ ಸರ್ ಫಾಂಗ್‌ನ ಹಲ್ಲು ಕೀಳುವ ಬದಲು, ಪಿಶಾಚಿಗಳನ್ನು ಹೆದರಿಸಿ ಓಡಿಸಬಲ್ಲ ಪಾದ್ರಿಯ ಪಾತ್ರವೊಂದನ್ನು ಇನ್ನೊಬ್ಬ ಆಟಗಾರನಿಗೆ ಕೊಡಲಾಯಿತು. ಗಾಯ ವಾಸಿ ಮಾಡುವ, ಸತ್ತವರ ದೆವ್ವ ಅಟ್ಟುವ ‘ಕ್ಲೆರಿಕ್’ ಇಂದು ಈ ಆಟದ ಪ್ರಧಾನ ಪಾತ್ರವರ್ಗಗಳಲ್ಲಿ ಒಂದು. ಅದು ಹುಟ್ಟಿದ್ದು ಒಬ್ಬ ಅತಿಬಲನಿಗೆ ಎದುರು ಭಾರವಾಗಿ.

ಅತ್ತೆಗೊಂದು ಕಾಲ

ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಊರಿನ ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪೆನಿಯ ಕೆಲಸ ಕಳೆದುಕೊಂಡು ಮನೆಯಲ್ಲೇ ಬೂಟು ದುರಸ್ತಿ ಮಾಡುತ್ತಿದ್ದವರು. ಯುದ್ಧದಾಟದ ಹುಚ್ಚು ಅವರಿಗೆ. ಆರ್ನೆಸನ್ ಬಳಸಿದ್ದ ಕಾಳಗದ ನಿಯಮಗಳ ಕರ್ತೃಗಳಲ್ಲಿ ಅವರೂ ಒಬ್ಬರು. ಇಬ್ಬರೂ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರ ಆರಂಭದಲ್ಲಿ ಹೊರಬಂತು. ಒಂದು ಪೆಟ್ಟಿಗೆಯಲ್ಲಿ ಮೂರು ಚಿಕ್ಕ ಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ. ಪ್ರಪಂಚದ ಮೊದಲ ಮುದ್ರಿತ ಪಾತ್ರಧಾರಿ ಆಟವೆಂದು ಒಪ್ಪಿರುವುದು ಇದನ್ನೇ.

ಅದರಲ್ಲಿ ಯೋಧ ಮತ್ತು ಮಾಂತ್ರಿಕರ ನಡುವೆ ತೂಕ ಸರಿದೂಗಿಸಿದ ರೀತಿ ಗಮನಾರ್ಹ. ಒಂದನೇ ಹಂತದ ಮಾಂತ್ರಿಕ ದಿನಕ್ಕೆ ಒಂದೇ ಮಂತ್ರ ಹಾಕಬಲ್ಲ. ಕವಚ ತೊಡುವಂತಿಲ್ಲ, ಕೈಯಲ್ಲಿ ಒಂದು ಕಠಾರಿ. 1975ರ ಪರಿಷ್ಕರಣೆಯ ನಂತರ ಅವನ ಜೀವಾಂಕ ನಾಲ್ಕು ಮುಖದ ದಾಳದಲ್ಲಿ ಬಿದ್ದಷ್ಟೇ. ಬೆಕ್ಕು ಪರಚಿದರೂ ಸತ್ತಾನು ಎಂಬುದು ಆಟಗಾರರ ಹಳೆಯ ತಮಾಷೆ. ಯೋಧ ಎರಡನೇ ಹಂತಕ್ಕೇರಲು 2,000 ಅನುಭವಾಂಕ ಗಳಿಸಿದರೆ ಸಾಕು; ಮಾಂತ್ರಿಕನಿಗೆ 2,500 ಬೇಕು. ಕಳ್ಳನಿಗೆ 1,200 ಸಾಕು, ಏಕೆಂದರೆ ಅವನ ಬಲ ಕಡಿಮೆ. ಆದರೆ ಐದನೇ ಹಂತ ತಲುಪಿದ ಮಾಂತ್ರಿಕನಿಗೆ ಬೆಂಕಿಯ ಉಂಡೆ ಎಸೆಯುವ ಮಂತ್ರ ಸಿಗುತ್ತದೆ. ಹಂತ ಎಷ್ಟೋ ಅಷ್ಟು ಆರು ಮುಖದ ದಾಳ ಉರುಳಿಸಬೇಕು. ಐದು ದಾಳದ ಸರಾಸರಿ ಪೆಟ್ಟು 17.5, ಹತ್ತನೇ ಹಂತದಲ್ಲಿ 35. ಅದೂ ಒಬ್ಬನಿಗಲ್ಲ, ಆ ಜಾಗದಲ್ಲಿರುವ ಎಲ್ಲರಿಗೂ. ಎಂಟು ಮುಖದ ದಾಳದ ಯೋಧನ ಕತ್ತಿಗೆ ಸರಾಸರಿ ಪೆಟ್ಟು 4.5 ಮಾತ್ರ, ಎದುರಿಗಿದ್ದ ಒಬ್ಬನಿಗೆ.

ಅಂದರೆ ಗೈಗ್ಯಾಕ್ಸ್ ಅವರ ತಕ್ಕಡಿ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವಂಥದು. ಮೊದಲು ಮಾಂತ್ರಿಕ ಯೋಧನ ಬೆನ್ನ ಹಿಂದೆ ಅವಿತು ಬದುಕಿಕೊಳ್ಳಬೇಕು. ಬದುಕಿದರೆ ಮುಂದೆ ಅವನದೇ ದರ್ಬಾರು. ಒಂದೇ ಗುಂಪು ವರ್ಷಗಟ್ಟಲೆ ಆಡಿದರೆ ಇದು ನ್ಯಾಯವೇ. ಲೇಕ್ ಜಿನೀವದಲ್ಲಿ ಹಾಗೆ ಆಡುತ್ತಿದ್ದರು ಕೂಡ. ಪುಸ್ತಕ ಊರೂರಿಗೆ ಹೋದಾಗ ಮಾತ್ರ ಲೆಕ್ಕ ತಪ್ಪಿತು. ಆರು ತಿಂಗಳು ಆಡಿ ಬಿಡುವವನಿಗೆ ಅತ್ತೆಯ ಕಾಲ ಮಾತ್ರ ಕಾಣುತ್ತದೆ. ಎಂಟನೇ ಹಂತದಲ್ಲಿ ಗುಂಪಿಗೆ ಹೊಸದಾಗಿ ಸೇರಿ ಯೋಧನಾದವನಿಗೆ ಸೊಸೆಯ ದರ್ಬಾರು ಮಾತ್ರ.

ನಿಯಮ ಮೆಚ್ಚಿದ್ದನ್ನೇ ಆಟಗಾರ ಮಾಡುತ್ತಾನೆ ಎಂಬುದೂ ಆ ಹಳೆಯ ಪುಸ್ತಕಗಳಿಂದಲೇ ತಿಳಿದ ಸಂಗತಿ. ಅವುಗಳಲ್ಲಿ ಅನುಭವಾಂಕ ಹೆಚ್ಚಾಗಿ ಬರುತ್ತಿದ್ದುದು ಕೊಲ್ಲುವುದರಿಂದಲ್ಲ, ನೆಲಮಾಳಿಗೆಯಿಂದ ಹೊತ್ತು ತಂದ ಚಿನ್ನದಿಂದ: ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. 1981ರ ಪುಸ್ತಕದ ಪ್ರಕಾರ ಒಂದು ಗಾಬ್ಲಿನ್ ಕೊಂದರೆ ಸಿಗುವುದು 5 ಅಂಕ. ಐದು ಅಂಕಕ್ಕೆ ಯಾರು ಪ್ರಾಣ ಕೊಡುತ್ತಾರೆ? ಹಾಗಾಗಿ ಜಾಣ ಆಟಗಾರರು ಗಾಬ್ಲಿನ್‌ಗಳಿಗೆ ಲಂಚ ಕೊಡುತ್ತಿದ್ದರು, ಸುಳ್ಳು ಹೇಳುತ್ತಿದ್ದರು, ಹಿಂಬಾಗಿಲಿನಿಂದ ನುಗ್ಗಿ ಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದರು. 1989ರ ಆವೃತ್ತಿಯಲ್ಲಿ ಚಿನ್ನದ ಅಂಕ ಬೇಕಾದರೆ ಇಟ್ಟುಕೊಳ್ಳಬಹುದಾದ ನಿಯಮವಾಯಿತು. 2000ದ ಆವೃತ್ತಿಯಲ್ಲಿ ಇಲ್ಲವೇ ಆಯಿತು. ಅಂಕ ಕಾಳಗದತ್ತ ವಾಲಿತು, ಆಟವೂ ಕಾಳಗದತ್ತ ವಾಲಿತು. ಒಂದು ಸಾಲಿನ ತಿದ್ದುಪಡಿ ಕಳ್ಳರ ಕಥೆಯನ್ನು ವೀರರ ಕಥೆಯಾಗಿಸಿತು ಎಂದರೂ ಸಲ್ಲುತ್ತದೆ.

ಕವಡೆಯ ಲೆಕ್ಕ

ಇನ್ನು ದಾಳ. ಯಾವ ದಾಳ ಎಂಬುದು ಚಿಲ್ಲರೆ ವಿಷಯವಲ್ಲ. ಚೌಕಾಬಾರ ಆಡಿದ ಯಾರಿಗೂ ಇದು ಅರ್ಥವಾದೀತು. ನಾಲ್ಕು ಕವಡೆ ಎಸೆದಾಗ ಎರಡು ಮೇಲ್ಮುಖವಾಗಿ ಬೀಳುವುದು ಸಾಮಾನ್ಯ. ನಾಲ್ಕೂ ಒಂದೇ ಬಗೆಯಾಗಿ ಬಿದ್ದು ಚೌಕವೋ ಬಾರವೋ ಆಗುವುದು ಅಪರೂಪ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, 16ರಲ್ಲಿ 6 ಸಲ ಎರಡು, ತಲಾ 4 ಸಲ ಒಂದು ಅಥವಾ ಮೂರು, ಒಂದೇ ಸಲ ಚೌಕ, ಒಂದೇ ಸಲ ಬಾರ. ನಿಜವಾದ ಕವಡೆ ಅಷ್ಟು ಪ್ರಾಮಾಣಿಕವಲ್ಲ. ಆ ಮಾತು ಬೇರೆ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಪ್ಪತ್ತು ಮುಖದ ಒಂದೇ ದಾಳವನ್ನು ನಂಬಿದೆ. ಅದರಲ್ಲಿ ಒಂದರಿಂದ ಇಪ್ಪತ್ತರವರೆಗೆ ಪ್ರತಿ ಅಂಕೆಗೂ ಶೇ. 5ರ ಸಮಾನ ಸಂಭವ. ಪಳಗಿದ ಕತ್ತಿವರಸೆಗಾರ ಎಡವುವುದಕ್ಕೂ ಹಳ್ಳಿಹುಡುಗ ದೈತ್ಯನ ಕಣ್ಣಿಗೆ ಗುರಿಯಿಟ್ಟು ಹೊಡೆಯುವುದಕ್ಕೂ ಇಲ್ಲಿ ಸಾಕಷ್ಟು ಎಡೆ. 1986ರಲ್ಲಿ ಸ್ಟೀವ್ ಜಾಕ್ಸನ್ ಹೊರತಂದ ‘ಗರ್ಪ್ಸ್’ ಎಂಬ ಆಟದಲ್ಲಾದರೋ ಆರು ಮುಖದ ಮೂರು ದಾಳ. ಮೊತ್ತ ನಿಮ್ಮ ಕೌಶಲದ ಅಂಕೆಯನ್ನು ಮೀರಬಾರದು. ಕೌಶಲ 10 ಇದ್ದವನು ಶೇ. 50 ಸಲ ಗೆಲ್ಲುತ್ತಾನೆ; 12 ಆದರೆ ಶೇ. 74, 14ಕ್ಕೆ ಸುಮಾರು ಶೇ. 91, 16ಕ್ಕೆ ಶೇ. 98. ಮೊದಲ ಎರಡು ಅಂಕೆ 24ರಷ್ಟು ಏರಿಸಿದರೆ ಕೊನೆಯ ಎರಡು ಏರಿಸುವುದು ಏಳರಷ್ಟೇ. ಬಲ್ಲವನು ಇಲ್ಲಿ ಬಲ್ಲವನಂತೆಯೇ ನಡೆದುಕೊಳ್ಳುತ್ತಾನೆ, ಅದೃಷ್ಟಕ್ಕೆ ಎಡೆ ಕಡಿಮೆ. ಸಾಹಸಕಥೆ ಬೇಕಾದವರಿಗೆ ಮೊದಲನೆಯದು, ನಂಬುವಂಥ ಲೋಕ ಬೇಕಾದವರಿಗೆ ಎರಡನೆಯದು.

ಇದೇ ‘ಗರ್ಪ್ಸ್’ ತೂಕದ ಪ್ರಶ್ನೆಗೆ ಅಂಗಡಿಯವನ ಉತ್ತರ ಕೊಟ್ಟಿತು. ಎಲ್ಲರಿಗೂ ಸಮನಾಗಿ 100 ಅಂಕ. ಶಕ್ತಿ, ಬುದ್ಧಿ, ವಿದ್ಯೆ ಎಲ್ಲಕ್ಕೂ ಬೆಲೆ ಕಟ್ಟಿದೆ, ಬೇಕಾದ್ದನ್ನು ಕೊಂಡುಕೊಳ್ಳಿ. ದೌರ್ಬಲ್ಯ ಬರೆದುಕೊಂಡರೆ ಅಂಕ ವಾಪಸು; ಒಂದು ಕಣ್ಣಿಲ್ಲ ಎಂದರೆ 15 ಸಿಗುತ್ತದೆ. 1981ರ ‘ಚಾಂಪಿಯನ್ಸ್’ ಎಂಬ ಆಟ ಈ ದಾರಿಯಲ್ಲಿ ಆಗಲೇ ನಡೆದಿತ್ತು. ಕಾಗದದ ಮೇಲೆ ಇದಕ್ಕಿಂತ ನ್ಯಾಯ ಇನ್ನಿಲ್ಲ. ಆದರೆ ಮರುಭೂಮಿಯಲ್ಲಿ ನಡೆಯುವ ಕಥೆಗೆ ಬಂದವನು ತನಗೆ ಸಮುದ್ರದ ಭಯ ಎಂದು ಬರೆದುಕೊಂಡು ಅಂಕ ಪಡೆದರೆ ಏನು ಮಾಡುವುದು? ಈಜುವ ವಿದ್ಯೆಯ ಬೆಲೆ ಎಷ್ಟೆಂದು ಪುಸ್ತಕ ಹೇಳಬಹುದು. ಕಥೆಯಲ್ಲಿ ಹೊಳೆ ಬರುತ್ತದೆಯೇ ಎಂದು ಹೇಳಲಾರದು. ಹೊಳೆ ತರುವವನು ನಿರ್ವಾಹಕ. ಅಲ್ಲಿಗೆ ಫೆರ್ಡಿ ದು ವೆರ್ನ್‌ವಾನ ವಾದ ಮತ್ತೆ ಬಾಗಿಲು ತಟ್ಟಿತು.

ಸಮತೋಲವೇ ಬೇಡ ಎಂದವರು

ಕೆಲವರು ತಕ್ಕಡಿಯನ್ನೇ ಬದಿಗಿಟ್ಟರು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕ್ಥುಲ್ಹು’ ಅಂಥದು. ಎಚ್. ಪಿ. ಲವ್‌ಕ್ರಾಫ್ಟ್ ಅವರ ಭಯಾನಕ ಕಥೆಗಳ ಲೋಕ ಅದು. ಪಾತ್ರಗಳು ವೀರರಲ್ಲ, ಪ್ರಾಧ್ಯಾಪಕ, ಪತ್ರಕರ್ತ, ಗ್ರಂಥಪಾಲಕ. ಅವರಿಗೆ ಜೀವಾಂಕದ ಜತೆಗೆ ಬುದ್ಧಿಸ್ಥಿಮಿತದ ಅಂಕವೂ ಇದೆ. ಕಾಣಬಾರದ್ದನ್ನು ಕಂಡಾಗಲೆಲ್ಲ ಅದು ಇಳಿಯುತ್ತದೆ. ಆ ಗೂಢಶಕ್ತಿಗಳ ಬಗ್ಗೆ ಹೆಚ್ಚು ತಿಳಿದಷ್ಟೂ ಸ್ಥಿಮಿತದ ಗರಿಷ್ಠ ಮಿತಿಯೇ ಕುಗ್ಗುತ್ತದೆ. ಮಹಾ ಕ್ಥುಲ್ಹು ಎದುರಾದರೆ ನಿಯಮ ಬಹಳ ಸರಳ: ಪ್ರತಿ ಸುತ್ತಿನಲ್ಲಿ ಅದು ಒಂದರಿಂದ ಮೂರು ಪಾತ್ರಗಳನ್ನು ಬಾಚಿ ಮುಗಿಸುತ್ತದೆ. ಯಾರನ್ನು ಎಂಬುದಷ್ಟೇ ಪ್ರಶ್ನೆ. ಆದರೂ ಇದನ್ನು ಅನ್ಯಾಯವೆಂದು ಆಟಗಾರರು ದೂರುವುದಿಲ್ಲ. ಹೆದರಿಕೆ ಕೊಳ್ಳಲೆಂದೇ ಬಂದವರಿಗೆ ಅದು ಸಿಕ್ಕಿದೆ. ಮುಖ್ಯವಾಗಿ, ಮೇಜಿನ ಸುತ್ತ ಕುಳಿತ ಎಲ್ಲರೂ ಸಮನಾಗಿ ಅಸಹಾಯಕರು.

1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ರೂಪಿಸಿದ ‘ಆರ್ಸ್ ಮ್ಯಾಜಿಕ’ದ ಉಪಾಯ ಇನ್ನೂ ಜಾಣತನದ್ದು. ಮಾಂತ್ರಿಕ ಉಳಿದವರಿಗಿಂತ ಬಹಳ ಬಲಶಾಲಿ, ಹಾಗೆಯೇ ಇರಲಿ ಎಂದು ಅದು ನೇರವಾಗಿ ಒಪ್ಪಿಕೊಂಡಿತು. ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಹಚರ. ಇವರಲ್ಲದೆ ಎಲ್ಲರೂ ಹಂಚಿಕೊಂಡು ಆಡುವ ಕಾವಲಾಳುಗಳು. ಇಂದಿನ ಕಥೆಯಲ್ಲಿ ನೀವು ಮಾಂತ್ರಿಕನಾದರೆ ನಾನು ನಿಮ್ಮ ಕಾವಲಾಳು. ಮುಂದಿನ ಕಥೆಯಲ್ಲಿ ಅದಲು ಬದಲು. ಪಾತ್ರಗಳು ಸಮನಲ್ಲ, ಆಟಗಾರರು ಸಮ. ತೂಗಬೇಕಾದುದು ಪಾತ್ರವನ್ನಲ್ಲ, ಕುರ್ಚಿಯಲ್ಲಿ ಕುಳಿತ ಮನುಷ್ಯನನ್ನು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡ ಆಟ ಅದಕ್ಕೆ ಮೊದಲು ಇರಲಿಲ್ಲವೆಂದೇ ಹೇಳಬೇಕು.

ವಿಚಿತ್ರವೆಂದರೆ, ಇದೇ ಟ್ವೀಟ್ ಮುಂದೆ 2000ದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂರನೇ ಆವೃತ್ತಿಯ ಪ್ರಮುಖ ರಚನೆಕಾರರಾದರು. ಆ ಆವೃತ್ತಿ ಹಿಡಿದದ್ದು ಲೆಕ್ಕದ ದಾರಿ. ಎಲ್ಲ ವರ್ಗದವರಿಗೂ ಒಂದೇ ಅನುಭವಾಂಕದ ಏಣಿ. ಪ್ರತಿ ರಕ್ಕಸನಿಗೂ ಒಂದು ‘ಸವಾಲಿನ ದರ್ಜೆ’. ಐದನೇ ದರ್ಜೆಯ ರಕ್ಕಸ ಐದನೇ ಹಂತದ ನಾಲ್ವರ ಗುಂಪಿನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಖರ್ಚು ಮಾಡಿಸಬೇಕು ಎಂಬುದು ಅದರ ಅಳತೆ. ಅಲ್ಲಿಗೆ ದಿನಕ್ಕೆ ನಾಲ್ಕು ಕಾಳಗ. ಆದರೆ ಆಟಗಾರರು ಮೊದಲ ಕಾಳಗದಲ್ಲೇ ಎಲ್ಲ ಮಂತ್ರ ಸುರಿದು, ಬಾಗಿಲು ಭದ್ರಪಡಿಸಿಕೊಂಡು ಮಲಗಿ, ಮರುದಿನ ತಾಜಾ ಎದ್ದು ಬರತೊಡಗಿದರು. ನಾಲ್ಕು ಕಾಳಗಕ್ಕೆ ಹಂಚಬೇಕಾದ ಶಕ್ತಿ ಒಂದಕ್ಕೇ ಸಿಕ್ಕಮೇಲೆ ದರ್ಜೆಗೆ ಅರ್ಥವೇನು? ಯೋಧನ ಕತ್ತಿಗಂತೂ ಮಲಗಿ ಎದ್ದರೆ ಹೊಸ ಹರಿತ ಬರುವುದಿಲ್ಲ. ಲಾಭವೆಲ್ಲ ಮತ್ತೆ ಮಾಂತ್ರಿಕನಿಗೇ.

2008ರ ನಾಲ್ಕನೇ ಆವೃತ್ತಿ ಈ ರೋಗಕ್ಕೆ ಶಸ್ತ್ರಚಿಕಿತ್ಸೆಯನ್ನೇ ಮಾಡಿತು. ಯೋಧನಿಗೂ ಮಾಂತ್ರಿಕನಿಗೂ ಒಂದೇ ಚೌಕಟ್ಟು: ಯಾವಾಗ ಬೇಕಾದರೂ ಬಳಸುವ ವಿದ್ಯೆ ಇಷ್ಟು, ಕಾಳಗಕ್ಕೊಮ್ಮೆ ಬಳಸುವುದು ಇಷ್ಟು, ದಿನಕ್ಕೊಮ್ಮೆ ಇಷ್ಟು. ಅಷ್ಟು ನಿಖರವಾದ ತೂಕ ಆ ಆಟ ಹಿಂದೆಂದೂ ಕಂಡಿರಲಿಲ್ಲ. ಫಲ? ಎಲ್ಲ ಪಾತ್ರಗಳೂ ಒಂದೇ ರುಚಿ ಎಂದು ಹಳಬರು ಮುಖ ತಿರುಗಿಸಿದರು. ಮೂರನೇ ಆವೃತ್ತಿಯ ನಿಯಮಗಳನ್ನೇ ಬೆಳೆಸಿಕೊಂಡು 2009ರಲ್ಲಿ ಇನ್ನೊಂದು ಸಂಸ್ಥೆ ಹೊರತಂದ ‘ಪಾತ್‌ಫೈಂಡರ್’ ಕಡೆಗೆ ಅನೇಕರು ಹೊರಟುಹೋದರು. ಎಲ್ಲರ ತಟ್ಟೆಗೂ ಅಳೆದು ಅದೇ ಅನ್ನ ಬಡಿಸಿದರೆ ಯಾರಿಗೂ ಹಬ್ಬವೆನಿಸುವುದಿಲ್ಲ. ಆದರೂ ಆ ಆವೃತ್ತಿಗೆ ಬಂದ ಬೈಗಳು ಅದರ ಯೋಗ್ಯತೆಗಿಂತ ಹೆಚ್ಚಾಯಿತು. ನಾಲ್ಕನೆಯ ಆವೃತ್ತಿಯ ಮೇಜಿನಲ್ಲಿ ಕೆಲಸವಿಲ್ಲದೆ ಕುಳಿತ ಯೋಧ ಸಿಗುವುದು ಕಷ್ಟ.

2014ರ ಐದನೇ ಆವೃತ್ತಿ ಸಾರ್ವಜನಿಕವಾಗಿ ಆಡಿಸಿ ನೋಡಿ, ಅಭಿಪ್ರಾಯ ಕೇಳಿ ಬರೆದದ್ದು. ಅದರ ಮುಖ್ಯ ಬದಲಾವಣೆ ಅಂಕೆಗಳನ್ನು ಹಿಡಿತದಲ್ಲಿಟ್ಟಿದ್ದು. ಮೂರನೇ ಆವೃತ್ತಿಯಲ್ಲಿ ಯೋಧನ ಗುರಿಗೆ ಸೇರುವ ಅಂಕ ಇಪ್ಪತ್ತು ಹಂತಗಳಲ್ಲಿ 1ರಿಂದ 20ಕ್ಕೆ ಏರುತ್ತಿತ್ತು. ಇಲ್ಲಿ 2ರಿಂದ 6ಕ್ಕೆ ಮಾತ್ರ. ಆದ್ದರಿಂದ ಎಷ್ಟೇ ಬೆಳೆದ ವೀರನಿಗೂ ನೂರು ಗಾಬ್ಲಿನ್‌ಗಳ ಗುಂಪು ಅಪಾಯವಾಗಿಯೇ ಉಳಿಯುತ್ತದೆ.

ಈ ಗುಂಪಿನ ಮಾತು ಒಂದು ಹಳೆಯ ಕಗ್ಗಂಟಿನತ್ತ ಕರೆದೊಯ್ಯುತ್ತದೆ. ನಾಲ್ವರು ವೀರರ ಎದುರು ಒಂದೇ ಡ್ರ್ಯಾಗನ್ ಎನ್ನಿ. ಅದಕ್ಕೆ 80 ಜೀವಾಂಕ. ವೀರರು ಎರಡರಲ್ಲಿ ಒಂದು ಸಲ ಗುರಿ ಮುಟ್ಟಿ, ಮುಟ್ಟಿದಾಗ ಸರಾಸರಿ 10 ಪೆಟ್ಟು ಕೊಟ್ಟರೆ ಸುತ್ತಿಗೆ 20. ನಾಲ್ಕು ಸುತ್ತಿಗೆ ಡ್ರ್ಯಾಗನ್ ಸತ್ತಿತು, ಅಷ್ಟರಲ್ಲಿ ಅದಕ್ಕೆ ಸಿಕ್ಕಿದ್ದು ನಾಲ್ಕೇ ಸರದಿ. ಹೆದರಿಕೆ ಹುಟ್ಟಿಸಲು ಅದರ ಪೆಟ್ಟನ್ನು ಹೆಚ್ಚಿಸಿದರೆ ಎರಡನೇ ಸುತ್ತಿನಲ್ಲೇ ಒಬ್ಬ ವೀರ ಬೀಳುತ್ತಾನೆ. ಆಗ ಸುತ್ತಿಗೆ 15 ಪೆಟ್ಟು, ಇನ್ನೊಬ್ಬ ಬಿದ್ದರೆ 10. ಸೋಲು ಸೋಲನ್ನೇ ಹೆರುತ್ತದೆ, ಕೊನೆಗೆ ಎಲ್ಲರೂ ನೆಲಕ್ಕೆ. ಸಪ್ಪೆ ಗೆಲುವಿಗೂ ಸರ್ವನಾಶಕ್ಕೂ ನಡುವಿನ ಓಣಿ ಬಹಳ ಕಿರಿದು. ಐದನೇ ಆವೃತ್ತಿ ಇದಕ್ಕೆ ಡ್ರ್ಯಾಗನ್‌ನಂಥವಕ್ಕೆ ಹೆಚ್ಚಿನ ಸರದಿ ಕೊಟ್ಟಿತು: ಬೇರೆಯವರ ಸರದಿ ಮುಗಿದೊಡನೆ ಬಾಲ ಬೀಸಲು, ರೆಕ್ಕೆ ಬಡಿಯಲು ಸುತ್ತಿಗೆ ಸಾಮಾನ್ಯವಾಗಿ ಮೂರು ಅವಕಾಶ. ಪೆಟ್ಟಿನ ಬಲ ಹೆಚ್ಚಿಸದೆ ಸರದಿಗಳ ಸಂಖ್ಯೆ ಸರಿಪಡಿಸಿದ್ದು ಒಳ್ಳೆಯ ಉಪಾಯವೇ ಸರಿ.

ತೆರೆಯ ಹಿಂದಿನ ದಾಳ

ಇಷ್ಟೆಲ್ಲ ಲೆಕ್ಕ ಹಾಕಿಯೂ ಒಂದು ಗಳಿಗೆ ಬಂದೇ ಬರುತ್ತದೆ. ಹೊಸದಾಗಿ ಆಡಲು ಬಂದ ಹುಡುಗಿ, ಮೊದಲ ದಿನ, ಮೊದಲ ಅರ್ಧ ಗಂಟೆ. ಯಃಕಶ್ಚಿತ್ ಗಾಬ್ಲಿನ್‌ನ ಬಾಣಕ್ಕೆ ದಾಳದಲ್ಲಿ 20 ಬೀಳುತ್ತದೆ. ನಿಯಮದಂತೆ ಆಕೆಯ ಪಾತ್ರ ಸತ್ತಿದೆ. ನಿರ್ವಾಹಕನ ಮುಂದೆ ರಟ್ಟಿನ ಅಡ್ಡತೆರೆಯಿದೆ. ದಾಳ ಅವನಿಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ. 12 ಎಂದು ಹೇಳಿಬಿಡಬಹುದು. ಗೈಗ್ಯಾಕ್ಸ್ 1979ರಲ್ಲಿ ನಿರ್ವಾಹಕರಿಗಾಗಿ ಬರೆದ ಕೈಪಿಡಿಯಲ್ಲಿ, ತಪ್ಪಿಲ್ಲದೆ ಆಡಿದವನನ್ನು ಕೆಟ್ಟ ದಾಳ ಕೊಲ್ಲಹೊರಟರೆ ನಿರ್ವಾಹಕ ಕೈ ಅಡ್ಡ ಹಾಕಬಹುದು ಎಂಬ ಅನುಮತಿಯಿದೆ. ಅದೇ ಗೈಗ್ಯಾಕ್ಸ್ 1975ರ ಸ್ಪರ್ಧೆಯೊಂದಕ್ಕೆ ‘ಟೂಂಬ್ ಆಫ್ ಹಾರರ್ಸ್’ ಎಂಬ ಗೋರಿಯನ್ನು ಕಟ್ಟಿದ್ದರು. ಅಲ್ಲಿ ಬಾಯ್ದೆರೆದ ಹಸಿರು ಮುಖವೊಂದರೊಳಗೆ ತೆವಳಿದವನು ಇಲ್ಲವಾಗುತ್ತಾನೆ, ದಾಳವಿಲ್ಲ, ಮೇಲ್ಮನವಿಯಿಲ್ಲ. ಎರಡೂ ಒಬ್ಬರದೇ ಕೈಬರಹ. ಎಚ್ಚರ ತಪ್ಪಿದವನಿಗೆ ಸಾವು ಸರಿ, ಎಚ್ಚರದಿಂದಿದ್ದವನಿಗೆ ದಾಳದ ಸಾವು ಸರಿಯಲ್ಲ ಎಂಬುದು ಅವರ ನ್ಯಾಯವಾಗಿದ್ದಿರಬೇಕು.

ಶಕುನಿಯ ದಾಳದ ಕಥೆ ಕೇಳಿ ಬೆಳೆದವರಿಗೆ ತೆರೆಯ ಹಿಂದೆ ಉರುಳುವ ದಾಳದ ಮೇಲೆ ಅನುಮಾನ ಸಹಜ. ವ್ಯತ್ಯಾಸವೆಂದರೆ ಶಕುನಿ ಕೊಲ್ಲಲು ಮೋಸ ಮಾಡಿದ, ಇವನು ಉಳಿಸಲು ಮಾಡುತ್ತಾನೆ. ಆದರೆ ಗುಟ್ಟು ರಟ್ಟಾದ ದಿನ ಎರಡರ ಫಲವೂ ಒಂದೇ. ಒಮ್ಮೆ ಸಾವನ್ನು ಮುಚ್ಚಿಟ್ಟ ನಿರ್ವಾಹಕನ ಮೇಜಿನಲ್ಲಿ ಮುಂದಿನ ಯಾವ ಗೆಲುವೂ ಗೆಲುವೆನಿಸುವುದಿಲ್ಲ. ಹಳೆಯ ಗೆಲುವುಗಳೂ ಮಾಸುತ್ತವೆ. ಈ ಕಾರಣಕ್ಕೇ ಹೊಸ ಆಟಗಳು ಬೇರೆ ಬೇರೆ ದಾರಿ ಹುಡುಕಿವೆ. 2010ರಲ್ಲಿ ಬಂದ ವಿನ್ಸೆಂಟ್ ಬೇಕರ್ ಅವರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿ ನಿರ್ವಾಹಕ ದಾಳ ಮುಟ್ಟುವುದೇ ಇಲ್ಲ. ಆಟಗಾರರೇ ಎರಡು ದಾಳ ಉರುಳಿಸುತ್ತಾರೆ. 10 ಅಥವಾ ಹೆಚ್ಚು ಬಿದ್ದರೆ ಪೂರ್ತಿ ಗೆಲುವು, 6 ಅಥವಾ ಕಡಿಮೆ ಬಿದ್ದರೆ ಕಷ್ಟ, ನಡುವೆ 7ರಿಂದ 9 ಬಿದ್ದರೆ ಕೆಲಸ ಆಯಿತು, ಆದರೆ ಏನನ್ನಾದರೂ ತೆರಬೇಕು. ಬೇರೇನೂ ಕೂಡಿಸದಿದ್ದರೆ ಈ ನಡುವಿನ ಫಲ 36ರಲ್ಲಿ 15 ಸಲ ಬರುತ್ತದೆ. ಏನು ತೆರಬೇಕು ಎಂಬುದನ್ನು ಮಾತ್ರ ನಿರ್ವಾಹಕ ಹೇಳುತ್ತಾನೆ. ಸಂಖ್ಯೆ ಒಬ್ಬರ ಕೈಯಲ್ಲಿ, ಅದರ ಅರ್ಥ ಇನ್ನೊಬ್ಬರ ಬಾಯಲ್ಲಿ.

ಹಳೆಯ ಆಟವನ್ನೇ ಆಡುವ ಅನೇಕ ಗುಂಪುಗಳು ರಟ್ಟಿನ ತೆರೆಯನ್ನು ತೆಗೆದು ಪಕ್ಕಕ್ಕಿಟ್ಟಿವೆ. ಅಂಥ ಕಡೆ ನಿರ್ವಾಹಕ ದಾಳ ಬೀಳುವುದಕ್ಕೆ ಮೊದಲೇ ಬಾಯಿಬಿಟ್ಟು ಹೇಳುತ್ತಾನೆ: ‘ಈ ಸೇತುವೆ ಹಳೆಯದು. ಎಂಟಕ್ಕಿಂತ ಕಡಿಮೆ ಬಿದ್ದರೆ ಮುರಿಯುತ್ತದೆ, ಕೆಳಗೆ ಬಂಡೆ. ಬೇಕಾದರೆ ಈಗಲೂ ಹಿಂದಿರುಗಬಹುದು.’ ಆಮೇಲೆ ದಾಳವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಸರಿಸಿ, ದಾಟಬೇಕಾದವಳ ಕೈಗೇ ಕೊಡುತ್ತಾನೆ.